ಸೌಟು ಹಿಡಿದ ಕೈಗೆ 'ಬೇಡ' ಎನ್ನುವ ಹಕ್ಕಿದೆಯೇ?

ಜುಲೈ 16 ಎಂಬ ದಿನಾಂಕವನ್ನು ಈ ದೇಶದ ಪ್ರತಿಯೊಂದು ಶಾಲಾ ಅಡುಗೆಮನೆಯ ಗೋಡೆಯ ಮೇಲೂ ಬರೆದಿಡಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರಲ್ಲಿ, ಮಧ್ಯಾಹ್ನದ ಊಟ ಬೇಯುತ್ತಿದ್ದ ಅಡುಗೆಮನೆಯಿಂದ ಎದ್ದ ಬೆಂಕಿ ಹುಲ್ಲಿನ ಮಾಡಿಗೆ ಹಬ್ಬಿ 94 ಮಕ್ಕಳನ್ನು ಬಲಿ ಪಡೆಯಿತು. ಸರಿಯಾಗಿ ಒಂಬತ್ತು ವರ್ಷಗಳ ಬಳಿಕ, 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಗ್ರಾಮದ ಸರಕಾರಿ ಶಾಲೆಯಲ್ಲಿ ಅನ್ನ ಮತ್ತು ಸೋಯಾ-ಆಲೂಗಡ್ಡೆಯ ಸಾರು ತಿಂದ 23 ಮಕ್ಕಳು ಪ್ರಾಣ ತೆತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕವಿತ್ತು ಎಂಬುದು ಪ್ರಯೋಗಾಲಯದ ಪರೀಕ್ಷೆಯಿಂದ ದೃಢಪಟ್ಟಿತು. ಮೂರು ವರ್ಷಗಳ ನಂತರ, 2016ರಲ್ಲಿ, ಆ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಅಲ್ಲಿಯ ನ್ಯಾಯಾಲಯವು ದೋಷಿಯೆಂದು ಸಾರಿ ಜೈಲುಶಿಕ್ಷೆ ವಿಧಿಸಿತು.

ಈ ಎರಡನೆಯ ದುರಂತದಲ್ಲಿ ನಮ್ಮನ್ನು ಕಾಡಬೇಕಾದ ಸಂಗತಿ ವಿಷ ಮಾತ್ರವಲ್ಲ. ಎಣ್ಣೆಯ ವಾಸನೆ ಮತ್ತು ಬಣ್ಣ ಸರಿಯಿಲ್ಲ ಎಂಬುದನ್ನು ಅಂದು ಮೊದಲು ಗಮನಿಸಿದವರು ಅಡುಗೆಯ ಹೆಂಗಸು. ಅದನ್ನು ಆಕೆ ಮುಖ್ಯೋಪಾಧ್ಯಾಯಿನಿಗೆ ಹೇಳಿದ್ದರೆಂದೂ, ಆ ಮಾತನ್ನು ತಳ್ಳಿಹಾಕಿ ಅಡುಗೆ ಮುಂದುವರಿಸಲು ಸೂಚಿಸಲಾಯಿತೆಂದೂ ಅಂದಿನ ಪತ್ರಿಕೆಗಳು ವರದಿ ಮಾಡಿದ್ದವು. ಅಂದರೆ ಆ ಮಕ್ಕಳನ್ನು ಉಳಿಸಬಹುದಾಗಿದ್ದ ತಿಳಿವಳಿಕೆ ಅದೇ ಅಡುಗೆಮನೆಯಲ್ಲಿತ್ತು. ಇಲ್ಲದೇ ಹೋದದ್ದು ಆ ತಿಳಿವಳಿಕೆಗೆ ಬೆಲೆ. ಮೂಗು ಎಚ್ಚರಿಸಿತು, ಬಾಯಿ ಹೇಳಿತು, ಆದರೆ ಕೇಳಬೇಕಾದ ಕಿವಿ ಮುಚ್ಚಿತ್ತು. ಒಂದು ವೇಳೆ ಆ ಹೆಂಗಸಿಗೆ 'ಈ ಎಣ್ಣೆಯಲ್ಲಿ ನಾನು ಬೇಯಿಸಲಾರೆ' ಎಂದು ಸೌಟು ಕೆಳಗಿಡುವ ಅಧಿಕಾರ ಇರುತ್ತಿದ್ದರೆ? ಆ ಅಧಿಕಾರ ತನಗಿದೆ ಎಂಬುದನ್ನು ಯಾರಾದರೂ ಆಕೆಗೆ ಕಲಿಸಿರುತ್ತಿದ್ದರೆ?

ಶಾಲಾ ಅಡುಗೆಯವರ ತರಬೇತಿ, ಅವರೊಂದಿಗೆ ಶಿಕ್ಷಕರ ಹೊಂದಾಣಿಕೆ ಎಂಬ ವಿಷಯ ಎತ್ತಿದ ಕೂಡಲೇ ಅನೇಕರು ನಗುತ್ತಾರೆ. ಅನ್ನ-ಸಾಂಬಾರು ಮಾಡಲು ತರಬೇತಿಯೇ ಎಂದು ಪ್ರಶ್ನಿಸುತ್ತಾರೆ. ಈ ನಗುವನ್ನು ಗಂಡಾಮನ್‌ನ ತಾಯಂದಿರ ಮುಂದೆ ನಗಲು ಸಾಧ್ಯವೇ?

ಮೊದಲು ಈ ಯೋಜನೆಯ ಗಾತ್ರವನ್ನು ನೋಡೋಣ. 1982ರಲ್ಲಿ ತಮಿಳುನಾಡು ವಿಸ್ತಾರವಾಗಿ ಜಾರಿಗೊಳಿಸಿದ ಪೌಷ್ಟಿಕ ಊಟದ ಯೋಜನೆಯನ್ನು ಅಂದು ಹಲವರು ಅಪಹಾಸ್ಯ ಮಾಡಿದ್ದರು. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ ರಾಷ್ಟ್ರಮಟ್ಟದಲ್ಲಿ ಯೋಜನೆಯನ್ನು ಆರಂಭಿಸಿತಾದರೂ ಅನೇಕ ರಾಜ್ಯಗಳಲ್ಲಿ ಮಕ್ಕಳಿಗೆ ಸಿಗುತ್ತಿದ್ದುದು ಊಟವಲ್ಲ, ಬರಿಯ ಧಾನ್ಯ. 2001ರ ನವೆಂಬರ್ 28ರಂದು ಸುಪ್ರೀಮ್ ಕೋರ್ಟು ಒಂದು ಐತಿಹಾಸಿಕ ಆದೇಶ ನೀಡಿತು. ಸರಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿಯೊಂದು ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ ಬೇಯಿಸಿದ ಬಿಸಿಯೂಟವನ್ನೇ ನೀಡಬೇಕೆಂದು ಅದು ಕಟ್ಟಪ್ಪಣೆ ಮಾಡಿತು. ಕರ್ನಾಟಕದಲ್ಲಿ 2002-03ರಲ್ಲಿ ಉತ್ತರದ ಏಳು ಜಿಲ್ಲೆಗಳಿಂದ ಅಕ್ಷರ ದಾಸೋಹ ಆರಂಭವಾಗಿ ಮರುವರ್ಷ ಇಡೀ ರಾಜ್ಯಕ್ಕೆ ವಿಸ್ತರಿಸಿತು. ನಂತರ ಪ್ರೌಢಶಾಲೆಯ ವರೆಗೂ ತಲುಪಿತು. 2013ರ ಆಹಾರ ಭದ್ರತಾ ಕಾಯ್ದೆಯು ಈ ಊಟವನ್ನು ಮಗುವಿನ ಶಾಸನಬದ್ಧ ಹಕ್ಕನ್ನಾಗಿ ಮಾಡಿತು. 2021ರಲ್ಲಿ ಪಿಎಂ ಪೋಷಣ್ ಎಂದು ಹೆಸರು ಬದಲಾದಾಗ ಕೇಂದ್ರ ಸರಕಾರವೇ ಹೇಳಿದಂತೆ 11 ಲಕ್ಷಕ್ಕೂ ಅಧಿಕ ಶಾಲೆಗಳ ಸುಮಾರು 11.8 ಕೋಟಿ ಮಕ್ಕಳು ಇದರ ವ್ಯಾಪ್ತಿಯಲ್ಲಿದ್ದರು. ಇಷ್ಟು ಮಕ್ಕಳಿಗೆ ಉಣಬಡಿಸುತ್ತಿರುವವರು ಸುಮಾರು 25 ಲಕ್ಷ ಅಡುಗೆಯವರು. ಕರ್ನಾಟಕದಲ್ಲೇ ಅವರ ಸಂಖ್ಯೆ ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುತೇಕ ಎಲ್ಲರೂ ಮಹಿಳೆಯರು, ಬಡವರು. ವಿಧವೆಯರೂ ಗಂಡ ತೊರೆದವರೂ ದಲಿತರೂ ಅವರಲ್ಲಿ ಬಹಳ ಮಂದಿಯಿದ್ದಾರೆ. ನಮ್ಮ ಉರ್ದು ಶಾಲೆಗಳಲ್ಲಿ, ಸಮುದಾಯದ ಅನುದಾನಿತ ಪ್ರೌಢಶಾಲೆಗಳಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾ ಈರುಳ್ಳಿ ಹೆಚ್ಚುವ ಅನೇಕ ತಾಯಂದಿರು ನಮ್ಮದೇ ಬೀದಿಯವರು.

ಅಂದಹಾಗೆ, ನಮ್ಮ ಸಮಾಜ ಅಡುಗೆಯವರನ್ನು ಗೌರವಿಸುವುದೇ ಇಲ್ಲ ಎಂದು ಹೇಳುವಂತಿಲ್ಲ. ಮಗಳ ನಿಕಾಹ್ ನಿಶ್ಚಯವಾದ ದಿನವೇ ನಾವು ಮೊದಲು ಹುಡುಕುವುದು ಹೆಸರಾಂತ ಬಿರಿಯಾನಿ ಬಾಣಸಿಗನನ್ನು. ಅವನ ದಿನಾಂಕ ಸಿಗದಿದ್ದರೆ ವಲೀಮಾದ ದಿನಾಂಕವನ್ನೇ ಬದಲಾಯಿಸುವವರಿದ್ದಾರೆ. ಅವನು ಕೇಳಿದ ಅಕ್ಕಿ, ಅವನು ಹೇಳಿದ ಮಾಂಸ, ಅವನು ಸೂಚಿಸಿದ ಮಸಾಲೆ ಬರಬೇಕು. 'ಈ ಅಕ್ಕಿ ಆಗದು' ಎಂದು ಅವನು ಹೇಳಿದರೆ ಮನೆಯ ಯಜಮಾನ ಮರುಮಾತಿಲ್ಲದೆ ಚೀಲವನ್ನು ಅಂಗಡಿಗೆ ಹಿಂದಿರುಗಿಸುತ್ತಾನೆ. ವರ್ಷಕ್ಕೆ ಒಂದು ದಿನದ ಊಟ ಹಾಕುವವನಿಗೆ ಇಷ್ಟು ಮಾತು ನಡೆಯುತ್ತದೆ. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ನಮ್ಮ ಮಕ್ಕಳ ಹೊಟ್ಟೆ ತುಂಬುವ ಹೆಂಗಸಿನ ಹೆಸರಾದರೂ ಎಷ್ಟು ಮಂದಿ ಪೋಷಕರಿಗೆ ಗೊತ್ತು? ಚೀಲದಲ್ಲಿ ಹುಳ ಕಂಡರೆ ಅದನ್ನು ಹಿಂದಿರುಗಿಸುವ ಮಾತು ಅವರಿಗಿದೆಯೇ? ಹೆಚ್ಚಿನ ಕಡೆ ಅವರಿಗಿರುವುದು ಆರಿಸಿ ಬೇಯಿಸುವ ಕರ್ತವ್ಯ ಮಾತ್ರ.

ಇನ್ನು, ಮನೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವರಿಗೆ ತರಬೇತಿ ಏಕೆ ಎಂಬ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ನಿಯಮದ ಪ್ರಕಾರ ಪ್ರಾಥಮಿಕ ಶಾಲೆಯ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಸಿಗಬೇಕು. ಇದರಿಂದ 450 ಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೊಟೀನು ದೊರೆಯಬೇಕು. ಹಿರಿಯ ಪ್ರಾಥಮಿಕದ ಮಕ್ಕಳಿಗೆ ಇದು 700 ಕ್ಯಾಲೊರಿ, 20 ಗ್ರಾಂ ಪ್ರೊಟೀನು. 180 ಮಕ್ಕಳಿರುವ ಒಂದು ಕಿರಿಯ ಪ್ರಾಥಮಿಕ ಶಾಲೆಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ದಿನಕ್ಕೆ 18 ಕಿಲೊ ಅಕ್ಕಿ, 3 ಕಿಲೊ 600 ಗ್ರಾಂ ಬೇಳೆ, 9 ಕಿಲೊ ತರಕಾರಿ ಬೇಯಬೇಕು. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ನಂತರದ ಪ್ರತಿ ನೂರು ಅಥವಾ ಅದರ ಭಾಗಕ್ಕೆ ಇನ್ನೊಬ್ಬರು ಎಂಬ ಕೇಂದ್ರದ ಮಾನದಂಡದಂತೆ ಅಲ್ಲಿರುವವರು ಮೂವರು. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಇದರೊಂದಿಗೆ ಮೊಟ್ಟೆಯೂ ಸೇರಿದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನ ಒಪ್ಪಂದದೊಂದಿಗೆ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ಏರಿತು. ಇದು ಸ್ವಾಗತಾರ್ಹ ಹೆಜ್ಜೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮೊಟ್ಟೆಯ ಸಿಪ್ಪೆ ಸುಲಿಯಲು ಇಪ್ಪತ್ತು ಸೆಕೆಂಡು ಎಂದಿಟ್ಟುಕೊಂಡರೂ 180 ಮೊಟ್ಟೆಗೆ ಒಬ್ಬರ ಪೂರ್ತಿ ಒಂದು ತಾಸು ಬೇಕು. ಬೆಳಗ್ಗೆ ಹಾಲು ಕಾಯಿಸುವುದು, ಮಧ್ಯಾಹ್ನ ಬಡಿಸುವುದು, ಬಳಿಕ ಪಾತ್ರೆ ತೊಳೆದು ನೆಲ ಒರೆಸುವುದು ಇದಕ್ಕೆ ಸೇರುತ್ತದೆ.

ಇದು ಮನೆಯ ಅಡುಗೆಯಲ್ಲ. ಆರು ಜನರ ಸಾರಿನ ಪಾತ್ರೆಯನ್ನು ಒಬ್ಬರು ಇಳಿಸಬಹುದು. ಇನ್ನೂರು ಜನರ ಸಾರಿನ ಕೊಳಗವನ್ನು ಇಳಿಸಲು ಇಬ್ಬರು ಬೇಕು. ಆ ಇಬ್ಬರು ಒಂದೇ ಕ್ಷಣದಲ್ಲಿ ಎತ್ತಬೇಕು. ಅದನ್ನು ಎಲ್ಲಿ ಇಡಬೇಕು, ಆ ಹೊತ್ತಿಗೆ ಮಕ್ಕಳು ಎಲ್ಲಿರಬೇಕು, ಅವರನ್ನು ಯಾರು ತಡೆದು ನಿಲ್ಲಿಸಬೇಕು ಎಂಬುದು ಮೊದಲೇ ನಿಶ್ಚಯವಾಗಿರಬೇಕು. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಅಫ್ಜಲಪುರ ತಾಲೂಕಿನ ಸರಕಾರಿ ಶಾಲೆಯೊಂದರಲ್ಲಿ ಎರಡನೇ ತರಗತಿಯ ಬಾಲಕಿ ಕುದಿಯುವ ಸಾಂಬಾರಿನ ಪಾತ್ರೆಗೆ ಬಿದ್ದು, ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಳು. ಆ ಬಳಿಕ ನಡೆದದ್ದು ಅಮಾನತು ಮತ್ತು ವಿಚಾರಣೆ. ತಪ್ಪಿತಸ್ಥರ ಮೇಲೆ ಕ್ರಮ ಬೇಕು ನಿಜ. ಆದರೆ ಒಂದು ಅಮಾನತಿನ ಆದೇಶ ಪಕ್ಕದ ಊರಿನ ಶಾಲೆಯ ಅಡುಗೆಯವರಿಗೆ ಏನನ್ನು ಕಲಿಸುತ್ತದೆ? ಭಯವನ್ನು ಕಲಿಸುತ್ತದೆಯೇ ಹೊರತು ಪಾತ್ರೆ ಇಳಿಸುವ ಕ್ರಮವನ್ನಲ್ಲ.

ತರಬೇತಿ ಎಂದರೆ ನಾವು ಹೇಳುತ್ತಿರುವುದು ಇಂತಹ ಸಂಗತಿಗಳನ್ನು. ತರಕಾರಿಯನ್ನು ಹೆಚ್ಚಿದ ಮೇಲೆ ತೊಳೆದರೆ ಅದರ ಸತ್ವ ನೀರಿನೊಂದಿಗೆ ಹೋಗುತ್ತದೆ, ತೊಳೆದು ಹೆಚ್ಚಬೇಕು. ಮೊದಲು ಬಂದ ಚೀಲ ಮೊದಲು ಖರ್ಚಾಗಬೇಕು. ಫಿನಾಯಿಲ್, ಸೀಮೆಎಣ್ಣೆ, ಇಲಿ ಪಾಷಾಣ, ಕೀಟನಾಶಕಗಳು ಉಗ್ರಾಣದ ಹೊಸ್ತಿಲನ್ನೂ ದಾಟಬಾರದು. ಕೀಟನಾಶಕ ತುಂಬಿದ್ದ ಡಬ್ಬಿಗೆ ಎಷ್ಟು ತೊಳೆದರೂ ಎಣ್ಣೆ ತುಂಬಬಾರದು. ಬೆಂದ ಆಹಾರ ಬಿಸಿಯಾಗಿರುವಾಗಲೇ, ಅಂದರೆ 60 ಡಿಗ್ರಿಗಿಂತ ತಣ್ಣಗಾಗುವ ಮೊದಲೇ, ಮಕ್ಕಳ ತಟ್ಟೆ ಸೇರಬೇಕು. ಬೆಚ್ಚಗಿನ ಅನ್ನದಲ್ಲಿ ರೋಗಾಣುಗಳು ಬೆಳೆಯುವ ವೇಗ ಬರಿಗಣ್ಣಿಗೆ ಕಾಣದು. ವಾಂತಿ-ಭೇದಿಯಿರುವವರು ಆ ದಿನ ಪಾತ್ರೆ ಮುಟ್ಟಬಾರದು. ಅನಿಲದ ಕೊಳವೆಯಲ್ಲಿ ಬಿರುಕಿದ್ದರೆ ಒಲೆ ಹಚ್ಚಬಾರದು. ಬೆಂಕಿ ಹತ್ತಿದರೆ ಮೊದಲು ಮಾಡಬೇಕಾದುದೇನು, ಮಗುವಿನ ಮೈಮೇಲೆ ಸಾರು ಚೆಲ್ಲಿದರೆ ಎಷ್ಟು ಹೊತ್ತು ತಣ್ಣೀರು ಹರಿಸಬೇಕು ಎಂಬುದು ಬಾಯಿಪಾಠವಾಗಿರಬೇಕು. ಇವುಗಳಲ್ಲಿ ಯಾವುದಕ್ಕೂ ಪದವಿ ಬೇಕಿಲ್ಲ. ಬೇಕಿರುವುದು ವರ್ಷಕ್ಕೆ ಕೆಲವು ದಿನ, ಕಲಿಸುವ ಒಬ್ಬರು, ಮತ್ತು ಕಲಿಯಲು ಬಂದ ದಿನದ ಸಂಬಳ.

ಇತರ ದೇಶಗಳು ಇದನ್ನು ಹೇಗೆ ಕಂಡಿವೆ ಎಂಬುದನ್ನೂ ಗಮನಿಸಬೇಕು. ಅಮೆರಿಕದಲ್ಲಿ 2015ರ ಜುಲೈಯಿಂದ ಶಾಲಾ ಊಟದ ಸಿಬ್ಬಂದಿಗೆ ವೃತ್ತಿ ಮಾನದಂಡಗಳು ಜಾರಿಗೆ ಬಂದವು. ಅದರಂತೆ ಊಟ ವಿಭಾಗದ ನಿರ್ದೇಶಕರು ವರ್ಷಕ್ಕೆ 12 ತಾಸು, ವ್ಯವಸ್ಥಾಪಕರು 10 ತಾಸು, ಅಡುಗೆ ಮತ್ತು ಬಡಿಸುವ ಸಿಬ್ಬಂದಿ 6 ತಾಸು, ಅರೆಕಾಲಿಕರು 4 ತಾಸು ಕಡ್ಡಾಯವಾಗಿ ತರಬೇತಿ ಪಡೆಯಬೇಕು. ಜಪಾನಿನಲ್ಲಿ ಶಾಲಾ ಊಟಕ್ಕೆಂದೇ 1954ರಲ್ಲಿ ಕಾನೂನು ಬಂತು. 2005ರಲ್ಲಿ ಆಹಾರ ಶಿಕ್ಷಣದ ಕಾನೂನು ಮಾಡಿದ ಆ ದೇಶ ಅದೇ ವರ್ಷ ಶಾಲೆಗಳಲ್ಲಿ ಪೋಷಣಾ ಶಿಕ್ಷಕರೆಂಬ ಹುದ್ದೆಯನ್ನೇ ಸೃಷ್ಟಿಸಿತು. ಅಲ್ಲಿ ಊಟದ ಹೊತ್ತೂ ಒಂದು ಪಾಠ, ಮಕ್ಕಳೇ ಸರದಿಯಂತೆ ಬಡಿಸುತ್ತಾರೆ. ಅವು ಶ್ರೀಮಂತ ದೇಶಗಳು, ನಮಗೂ ಅವಕ್ಕೂ ಹೋಲಿಕೆಯೇ ಎನ್ನಬಹುದು. ಹಾಗಾದರೆ ಪಕ್ಕದ ತಮಿಳುನಾಡನ್ನೇ ನೋಡೋಣ. ಅಲ್ಲಿಯ ಊಟದ ಕೇಂದ್ರದಲ್ಲಿ ಸಂಘಟಕಿ, ಅಡುಗೆಯವರು, ಅಡುಗೆ ಸಹಾಯಕಿ ಎಂಬ ಮೂರು ಹುದ್ದೆಗಳ ತಂಡವಿದೆ. ದಾಸ್ತಾನಿನ ಲೆಕ್ಕ ಸಂಘಟಕಿಯದು. ಅವರಿಗೆ ವಿಶೇಷ ವೇತನ ಶ್ರೇಣಿಯೂ ಇದೆ. ನಮ್ಮಲ್ಲಿ ಆ ಲೆಕ್ಕದ ಹೊರೆ ಮುಖ್ಯೋಪಾಧ್ಯಾಯರ ಮೇಲೆ ಬೀಳುತ್ತದೆ. ಗಣಿತ ಕಲಿಸಬೇಕಾದವರು ಬೇಳೆಯ ಗ್ರಾಂ ಎಣಿಸುತ್ತಾರೆ. ಬೇಳೆಯ ಬಗ್ಗೆ ಬಲ್ಲ ಅಡುಗೆಯವರನ್ನು ಯಾರೂ ಏನೂ ಕೇಳುವುದಿಲ್ಲ.

ನಮ್ಮಲ್ಲಿ ನಿಯಮಗಳೇ ಇಲ್ಲವೆಂದಲ್ಲ. 2015ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಶಾಲಾ ಅಡುಗೆಮನೆಗಳ ಸುರಕ್ಷತೆ ಮತ್ತು ನೈರ್ಮಲ್ಯದ ಬಗ್ಗೆ ವಿವರವಾದ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆಹಾರ ಭದ್ರತಾ ಕಾಯ್ದೆಯಡಿ ಬಿಸಿಯೂಟದ ನಿಯಮಗಳು ಬಂದವು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರಾದರೂ ಸೇರಿದಂತೆ ದೊಡ್ಡವರು ಊಟದ ರುಚಿ ನೋಡಬೇಕೆಂಬ ಸೂಚನೆಯಿದೆ. ಆಹಾರದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ವ್ಯವಸ್ಥೆಯಿದೆ. ಸಾಮಾಜಿಕ ಪರಿಶೋಧನೆಯ ಮಾತಿದೆ. ಪಿಎಂ ಪೋಷಣ್ ಆದ ಮೇಲೆ ಅಡುಗೆಯವರಿಗಾಗಿ ಅಡುಗೆ ಸ್ಪರ್ಧೆ ನಡೆಸಲೂ ಪ್ರೋತ್ಸಾಹವಿದೆ. ಸ್ಪರ್ಧೆ ಒಳ್ಳೆಯದೇ. ಆದರೆ ಸ್ಪರ್ಧೆಯಲ್ಲಿ ಒಬ್ಬರು ಗೆಲ್ಲುತ್ತಾರೆ, ತರಬೇತಿಯಲ್ಲಿ ಎಲ್ಲರೂ ಗೆಲ್ಲುತ್ತಾರೆ. ಕಾಗದದ ಮೇಲಿನ ಮಾರ್ಗಸೂಚಿಯು ಒಲೆಯ ಮುಂದೆ ನಿಂತ ಹೆಂಗಸಿಗೆ ಅರ್ಥವಾಗುವ ಮಾತಾಗಿ ತಲುಪದಿದ್ದರೆ ಅದು ಕಚೇರಿಯ ಕಪಾಟಿಗೆ ಅಲಂಕಾರವಷ್ಟೆ.

ಇಲ್ಲಿ ಸಂಬಳದ ಮಾತನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2009ರಲ್ಲಿ ಕೇಂದ್ರ ಸರಕಾರ ಅಡುಗೆಯವರಿಗೆ ನಿಗದಿಪಡಿಸಿದ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳು. ಒಂದೂವರೆ ದಶಕ ಉರುಳಿದರೂ ಕೇಂದ್ರದ ಆ ಮೊತ್ತ ಅಲ್ಲೇ ನಿಂತಿತ್ತು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ತಮ್ಮ ಪಾಲಿನಿಂದ ಅದಕ್ಕೆ ಸೇರಿಸುತ್ತಾ ಬಂದಿವೆ, ಆದರೂ ಅದು ಒಂದು ಸಂಸಾರ ನಡೆಸುವ ಮೊತ್ತವಾಗಿಲ್ಲ. 2013ರ ಭಾರತೀಯ ಕಾರ್ಮಿಕ ಸಮ್ಮೇಳನವು ಇಂತಹ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದೇ ಪರಿಗಣಿಸಿ ಕನಿಷ್ಠ ವೇತನ ನೀಡಬೇಕೆಂದು ಶಿಫಾರಸು ಮಾಡಿತ್ತು. 2020ರ ಡಿಸೆಂಬರಿನಲ್ಲಿ ಅಲಹಾಬಾದ್ ಹೈಕೋರ್ಟು ಇನ್ನೂ ಮುಂದೆ ಹೋಗಿ, ಬಿಸಿಯೂಟದ ಅಡುಗೆಯವರನ್ನು ತಿಂಗಳಿಗೆ ಸಾವಿರ ರೂಪಾಯಿಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಹೇಳಿತು. 'ಗೌರವಧನ' ಎಂಬ ಪದದಲ್ಲಿ ಧನವೂ ಇಲ್ಲ, ಗೌರವವೂ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಹೊಟ್ಟೆ ತುಂಬದವರಿಗೆ ನೈರ್ಮಲ್ಯದ ಪಾಠ ಹೇಳಿ ಕೈ ತೊಳೆದುಕೊಳ್ಳುವ ತರಬೇತಿಯನ್ನು ನಾವು ಬೆಂಬಲಿಸುತ್ತಿಲ್ಲ. ತರಬೇತಿ ಮತ್ತು ವೇತನ ಒಂದೇ ಗಾಡಿಯ ಎರಡು ಚಕ್ರಗಳು. ಕಲಿತವರಿಗೆ ಕಲಿಕೆಯ ಬೆಲೆ ಸಿಗಬೇಕು. ಐದು ವರ್ಷ ಕೆಲಸ ಮಾಡಿ ತರಬೇತಿ ಪಡೆದವರಿಗೂ ನಿನ್ನೆ ಸೇರಿದವರಿಗೂ ವ್ಯತ್ಯಾಸವೇ ಇಲ್ಲದಿದ್ದರೆ ಕಲಿಯುವ ಹುಮ್ಮಸ್ಸು ಎಲ್ಲಿಂದ ಬರಬೇಕು?

ಈ ಎಲ್ಲ ತಾಪತ್ರಯಕ್ಕಿಂತ ದೊಡ್ಡ ಸಂಸ್ಥೆಗಳ ಕೇಂದ್ರೀಕೃತ ಅಡುಗೆಮನೆಗಳೇ ವಾಸಿ ಎಂಬ ವಾದವೂ ನಗರಗಳಲ್ಲಿ ಕೇಳಿಬರುತ್ತದೆ. ಅಲ್ಲಿ ಯಂತ್ರಗಳಿವೆ, ಸಮವಸ್ತ್ರವಿದೆ, ತರಬೇತಿ ಪಡೆದ ಸಿಬ್ಬಂದಿಯಿದ್ದಾರೆ ಎನ್ನುವುದು ನಿಜ. ಅದನ್ನು ಮೆಚ್ಚಬೇಕು. ಆದರೆ ನಸುಕಿನಲ್ಲಿ ಬೆಂದ ಅನ್ನ ವಾಹನದಲ್ಲಿ ಊರೆಲ್ಲ ಸುತ್ತಿ ಮಧ್ಯಾಹ್ನ ತಟ್ಟೆಗೆ ಬೀಳುವಾಗ 'ಬಿಸಿಯೂಟ'ದಲ್ಲಿ ಬಿಸಿ ಎಷ್ಟು ಉಳಿದಿರುತ್ತದೆ? ಬೇಯಿಸಿದವರು ತಿನ್ನುವ ಮಗುವಿನ ಮುಖ ನೋಡುವುದೇ ಇಲ್ಲ. ಶಾಲೆಯಲ್ಲೇ ಬೇಯಿಸುವ ತಾಯಿಗೆ ಯಾವ ಮಗು ಮೂರು ದಿನದಿಂದ ಊಟ ಬಿಡುತ್ತಿದೆ, ಯಾವ ಮಗು ಮನೆಯಲ್ಲಿ ಉಪವಾಸವಿದ್ದು ಬಂದು ಎರಡೆರಡು ಬಾರಿ ಬಡಿಸಿಕೊಳ್ಳುತ್ತಿದೆ ಎಂಬುದು ಗೊತ್ತು. ತರಗತಿಯ ಹಾಜರಿ ಪುಸ್ತಕ ಹೇಳದ ಸಂಗತಿ ಇದು. ಇದನ್ನು ಆಕೆ ಶಿಕ್ಷಕರಿಗೆ ಹೇಳುವ ದಾರಿಯೊಂದು ಇರಬೇಕು. ಶಿಕ್ಷಕರ ಸಭೆಯಲ್ಲಿ ಅಡುಗೆಯವರಿಗೂ ಒಂದು ಕುರ್ಚಿ ಇದ್ದರೆ ಆ ದಾರಿ ತೆರೆಯುತ್ತದೆ. ತಿಂಗಳಿಗೊಮ್ಮೆ ಹದಿನೈದು ನಿಮಿಷ ಸಾಕು. ಯಾವ ತರಕಾರಿಯನ್ನು ಮಕ್ಕಳು ಬಿಡುತ್ತಿದ್ದಾರೆ, ಯಾವ ಒಲೆ ಕೆಟ್ಟಿದೆ, ಯಾವ ಮಗು ಸೊರಗಿದೆ ಎಂಬುದನ್ನು ಅಲ್ಲಿ ಆಕೆ ಹೇಳಲಿ.

ಆದರೆ ಆ ಕುರ್ಚಿಯ ಮಾತು ಬಂದಾಗಲೇ ನಮ್ಮ ಸಮಾಜದ ನಿಜಬಣ್ಣ ಬಯಲಾಗುತ್ತದೆ. ಅಡುಗೆಯವರ ನೇಮಕಾತಿಯಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು ಸುಪ್ರೀಮ್ ಕೋರ್ಟು 2004ರ ಏಪ್ರಿಲ್‌ನಲ್ಲೇ ಹೇಳಿದೆ. ಆದರೂ 2021ರ ಡಿಸೆಂಬರಿನಲ್ಲಿ ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಶಾಲೆಯಲ್ಲಿ ದಲಿತ ಮಹಿಳೆ ಬೇಯಿಸಿದ ಊಟವನ್ನು ಮೇಲ್ಜಾತಿಯ ಮಕ್ಕಳು ನಿರಾಕರಿಸಿದರು. ಆಕೆಯನ್ನು ಕೆಲಸದಿಂದ ತೆಗೆದು, ದೇಶವ್ಯಾಪಿ ಟೀಕೆಯ ಬಳಿಕ ಮರಳಿ ತೆಗೆದುಕೊಳ್ಳಲಾಯಿತು. ಅದು ದೂರದ ಊರು ಎಂದು ಸಮಾಧಾನಪಡುವಂತಿಲ್ಲ. 2025ರ ಜೂನ್‌ನಲ್ಲಿ ನಮ್ಮದೇ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರಕಾರಿ ಶಾಲೆಯಿಂದ, ದಲಿತ ಮಹಿಳೆ ಮುಖ್ಯ ಅಡುಗೆಯವರಾದರೆಂಬ ಕಾರಣಕ್ಕೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದ ಸುದ್ದಿ ಬಂತು. ಪಂಕ್ತಿಭೇದದ ಸಂಕಟವನ್ನು ಬಲ್ಲ ನಾವು ಇದನ್ನು ಖಂಡಿಸುತ್ತೇವೆ. ಅದು ಸಹಜ. ಆದರೆ ಖಂಡನೆಯೊಂದಿಗೇ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ. ಮನೆಗೆಲಸದ ಹೆಂಗಸಿಗೆ ಬೇರೆಯೇ ಲೋಟ ಇಟ್ಟಿರುವ ಮನೆಗಳು ನಮ್ಮ ಪಟ್ಟಣಗಳ ನಮ್ಮ ಮೊಹಲ್ಲಾಗಳಲ್ಲಿ ಇಲ್ಲವೇ? ಪಾತ್ರೆ ತೊಳೆಯುವವರು ಕೀಳು ಎಂದು ಮನೆಯಲ್ಲಿ ಕಲಿತ ಮಗು ಶಾಲೆಯಲ್ಲಿ ಅಡುಗೆಯ ತಾಯಿಯನ್ನು 'ಏ' ಎಂದು ಕೂಗಿದರೆ ಅದರ ಹೊಣೆ ಯಾರದು?

ತಂಡವೆಂದರೆ ಒಬ್ಬರು ಆಜ್ಞೆ ಮಾಡಿ ಉಳಿದವರು ತಲೆದೂಗುವುದಲ್ಲ. ವಿಮಾನದಲ್ಲಿ, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅತಿ ಕಿರಿಯ ಸಿಬ್ಬಂದಿಯೂ 'ನಿಲ್ಲಿಸಿ, ಏನೋ ತಪ್ಪಾಗಿದೆ' ಎಂದು ಹೇಳಲು ಹಿಂಜರಿಯಬಾರದೆಂದು ಇಂದು ಕಲಿಸಲಾಗುತ್ತದೆ. ಹಿರಿಯರು ಅದನ್ನು ಅವಮಾನವೆಂದು ಭಾವಿಸಬಾರದೆಂದೂ ಕಲಿಸಲಾಗುತ್ತದೆ. ಶಾಲೆಯ ಅಡುಗೆಮನೆಯಲ್ಲಿ ಬೇಯುವುದೂ ಜೀವಗಳೊಂದಿಗೆ ನಂಟಿರುವ ವಸ್ತುವೇ. ಆದುದರಿಂದ ತರಬೇತಿ ಅಡುಗೆಯವರಿಗೆ ಮಾತ್ರ ಸಾಲದು, ಮುಖ್ಯೋಪಾಧ್ಯಾಯರಿಗೂ ಬೇಕು. 'ಬೇಡ' ಎಂದು ಹೇಳುವುದನ್ನು ಅಡುಗೆಯವರು ಕಲಿಯಬೇಕು, 'ಆಗಲಿ' ಎಂದು ಒಪ್ಪುವುದನ್ನು ಮುಖ್ಯೋಪಾಧ್ಯಾಯರು ಕಲಿಯಬೇಕು. ಸಂಶಯ ಬಂದ ದಿನದ ಅಡುಗೆಯನ್ನು ಚೆಲ್ಲಿದರೆ ನಷ್ಟವಾಗುವುದು ಕೆಲವು ಕಿಲೊ ಅಕ್ಕಿ. ಆ ನಷ್ಟವನ್ನು ಅಡುಗೆಯವರ ಸಂಬಳದಿಂದ ಮುರಿಯುವುದಿಲ್ಲ, ಅದಕ್ಕಾಗಿ ನೋಟೀಸು ಕೊಡುವುದಿಲ್ಲ ಎಂಬ ಲಿಖಿತ ಭರವಸೆಯನ್ನು ಇಲಾಖೆ ನೀಡಬೇಕು. ಈ ಒಂದು ಸಾಲಿನ ಆದೇಶಕ್ಕೆ ಸರಕಾರದ ಬೊಕ್ಕಸದಿಂದ ಒಂದು ರೂಪಾಯಿಯೂ ಖರ್ಚಾಗದು.

ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ಕುಳಿತುಕೊಳ್ಳುವ ಅಗತ್ಯವೂ ನಮಗಿಲ್ಲ. ಪ್ರತಿ ಸರಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ ಇದೆ, ಅದರಲ್ಲಿ ಪೋಷಕರೇ ಸದಸ್ಯರು. ಸಭೆಗೆ ಕರೆದಾಗ 'ಅಂಗಡಿ ಬಿಟ್ಟು ಬರಲಾಗದು' ಎಂದು ತಪ್ಪಿಸಿಕೊಳ್ಳುವ ಬದಲು ಹೋಗಿ ನಾಲ್ಕು ಪ್ರಶ್ನೆ ಕೇಳೋಣ. ಈ ವರ್ಷ ನಮ್ಮ ಶಾಲೆಯ ಅಡುಗೆಯವರಿಗೆ ತರಬೇತಿ ಆಗಿದೆಯೇ? ಅವರ ಆರೋಗ್ಯ ತಪಾಸಣೆ ನಡೆದಿದೆಯೇ? ಅವರಲ್ಲೊಬ್ಬರು ಕಾಯಿಲೆ ಬಿದ್ದ ದಿನ ಅವರ ಬದಲಿಗೆ ಯಾರು? ರುಚಿ ನೋಡಿದ ಶಿಕ್ಷಕರ ಸಹಿ ಊಟಕ್ಕೆ ಮೊದಲು ಬೀಳುತ್ತಿದೆಯೇ, ತಿಂಗಳ ಕೊನೆಗೆ ಒಟ್ಟಿಗೇ ಬೀಳುತ್ತಿದೆಯೇ? ಈ ನಾಲ್ಕು ಪ್ರಶ್ನೆ ನಾಲ್ಕು ತಿಂಗಳು ಸತತವಾಗಿ ಕೇಳಿದರೆ ಐದನೆಯ ತಿಂಗಳು ಉತ್ತರ ಸಿದ್ಧವಾಗಿರುತ್ತದೆ.

ನಮ್ಮ ಊರುಗಳಲ್ಲಿ ಕಲಿಸಬಲ್ಲವರಿಗೂ ಕೊರತೆಯಿಲ್ಲ. ಸಾವಿರ ಜನರ ವಲೀಮಾಕ್ಕೆ ಅಡುಗೆ ಮಾಡುವ ಬಾಣಸಿಗರಿಗೆ ದೊಡ್ಡ ಪಾತ್ರೆಗಳನ್ನು ನಿಭಾಯಿಸುವ ಕಲೆ ಗೊತ್ತು. ಗೃಹವಿಜ್ಞಾನ, ಆಹಾರ ವಿಜ್ಞಾನ ಓದಿ ಮನೆಯಲ್ಲಿ ಕುಳಿತಿರುವ ನಮ್ಮ ಹೆಣ್ಮಕ್ಕಳಿದ್ದಾರೆ. ವೈದ್ಯರಿದ್ದಾರೆ, ದಾದಿಯರಿದ್ದಾರೆ. ಸುಟ್ಟಗಾಯಕ್ಕೆ ಪ್ರಥಮ ಚಿಕಿತ್ಸೆ ತೋರಿಸಲು ಅವರಿಗೆ ಅರ್ಧ ತಾಸು ಸಾಕು. ಶಿಕ್ಷಣ ಇಲಾಖೆಯ ಅನುಮತಿ ಪಡೆದು, ತಾಲೂಕಿನ ಎಲ್ಲ ಶಾಲೆಗಳ, ಎಲ್ಲ ಜಾತಿ-ಧರ್ಮಗಳ ಅಡುಗೆಯ ತಾಯಂದಿರನ್ನು ಕರೆದು, ದಿನದ ಖರ್ಚು ಕೊಟ್ಟು, ಅವರನ್ನು ಕುಳ್ಳಿರಿಸಿ ನಾವೇ ಬಡಿಸಿ ಒಂದು ದಿನದ ಶಿಬಿರ ನಡೆಸಲು ನಮ್ಮ ಸಂಘಟನೆಗಳಿಗೆ ಏನು ಅಡ್ಡಿ? ಸಮ್ಮೇಳನಗಳ ಶಾಮಿಯಾನಕ್ಕೆ ಆಗುವ ಖರ್ಚಿನ ಒಂದು ಸಣ್ಣ ಪಾಲು ಇದಕ್ಕೆ ಧಾರಾಳ. ಜೊತೆಗೆ ಸಮುದಾಯವೇ ನಡೆಸುವ ಖಾಸಗಿ ಶಾಲೆ, ವಸತಿನಿಲಯ, ಯತೀಮ್‌ಖಾನಾಗಳ ಅಡುಗೆಮನೆಗಳನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು. ಅಲ್ಲಿ ಸರಕಾರದ ತಪಾಸಣೆ ವಿರಳ. ಅಲ್ಲಿಯ ಅಡುಗೆಯವರಿಗೆ ಲಿಖಿತ ನೇಮಕಾತಿ ಇದೆಯೇ, ರಜೆ ಇದೆಯೇ, ಒಲೆಯ ಹೊಗೆ ಹೊರಹೋಗಲು ಕಿಟಕಿಯಿದೆಯೇ? ಸರಕಾರವನ್ನು ಪ್ರಶ್ನಿಸುವ ನೈತಿಕ ಬಲ ಬರುವುದು ನಮ್ಮ ಅಡುಗೆಮನೆ ಸರಿಯಿದ್ದಾಗ.

ಇಷ್ಟಕ್ಕೂ, ಒಂದು ಶಾಲೆಯ ಗುಣಮಟ್ಟವನ್ನು ಅಳೆಯಲು ನಾವು ಫಲಿತಾಂಶದ ಶೇಕಡಾವಾರು ನೋಡುತ್ತೇವೆ, ಕಟ್ಟಡ ನೋಡುತ್ತೇವೆ, ಇಂಗ್ಲಿಷ್ ಮಾಧ್ಯಮ ನೋಡುತ್ತೇವೆ. ಇನ್ನು ಮುಂದೆ ಅಡುಗೆಮನೆಯ ಬಾಗಿಲಲ್ಲೂ ಒಂದು ನಿಮಿಷ ನಿಲ್ಲೋಣ. ಒಲೆಯ ಮುಂದಿರುವ ಹೆಂಗಸಿಗೆ ಸಲಾಮ್ ಹೇಳಿ, ನಮಸ್ಕಾರ ಹೇಳಿ, ಹೆಸರು ಕೇಳೋಣ. ಅಕ್ಕಿ ಹೇಗಿದೆ ಎಂದು ಅವರನ್ನೇ ವಿಚಾರಿಸೋಣ. ಆ ಪ್ರಶ್ನೆಗೆ ಅವರು ಸುತ್ತಮುತ್ತ ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ನೋಡದೆ, ನಿರ್ಭಯವಾಗಿ ಉತ್ತರಿಸಿದರೆ ನಮ್ಮ ಮಕ್ಕಳು ಸುರಕ್ಷಿತರಾಗಿದ್ದಾರೆ ಎಂದರ್ಥ. ಅವರು ಮುಖ್ಯೋಪಾಧ್ಯಾಯರ ಕೊಠಡಿಯತ್ತ ಕಣ್ಣು ಹಾಯಿಸಿ ಸುಮ್ಮನಾದರೆ, ಆ ಶಾಲೆಯಲ್ಲಿ ನಮಗೆ ಮಾಡಲು ಕೆಲಸವಿದೆ.